ಡಿಸ್ನಿ ಒಳಗೇ ರೂಮ್ ಮಾಡೋದಾ, ಹೊರಗಾ?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದೀವಿ. ಊರಿಂದ ಅತ್ತೆ-ಮಾವ ಬಂದಿದ್ದಾರೆ, ಮಗಳಿಗೆ 4 ವರ್ಷ. ಎಲ್ರೂ ಕಾರಲ್ಲೇ ಒರ್ಲ್ಯಾಂಡೊ ಡಿಸ್ನಿ ವರ್ಲ್ಡ್‌ಗೆ ಹೋಗೋ ಪ್ಲ್ಯಾನ್. ಡಿಸ್ನಿ ಹೋಟೆಲ್ಲೇ ಬೇಕಾ, ಹತ್ರದಲ್ಲೆಲ್ಲಾದ್ರೂ ಉಳ್ಕೊಂಡ್ರೆ ಸಾಕಾ?

ಉತ್ತರ: ಡಿಸ್ನಿ ಹೋಟೆಲ್‌ನಲ್ಲಿ ಇದ್ರೆ ಡಿಸ್ನಿ ವರ್ಲ್ಡ್ ಒಳಗಿನ ನಾಲ್ಕೂ ಪಾರ್ಕ್‌ಗೆ ದಿನಾ 30 ನಿಮಿಷ ಮುಂಚೆ ಬಿಡ್ತಾರೆ, ಪಾರ್ಕಿಂಗ್ ದುಡ್ಡಿಲ್ಲ, ಬಸ್ಸೂ ಫ್ರೀ. ಅದ್ರಲ್ಲೂ ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಈ ಮೂರು ಹೋಟೆಲ್‌ಗಳಿಂದ ಮ್ಯಾಜಿಕ್ ಕಿಂಗ್ಡಮ್ ಅನ್ನೋ ಪಾರ್ಕ್‌ಗೆ ಮೋನೊರೈಲ್ (ಒಂದೇ ಹಳಿ ಮೇಲೆ ಓಡೋ ರೈಲು) ಇದೆ, ಮಧ್ಯಾಹ್ನ ಮಗೂನ ರೂಮಿಗೆ ಕರ್ಕೊಂಡ್ಬಂದು ಮಲಗಿಸಿ ಸಂಜೆ ಮತ್ತೆ ಹೋಗ್ಬಹುದು, ಆದ್ರೆ ರೇಟ್ ತುಂಬಾ ಜಾಸ್ತಿ. ಕಡಿಮೆ ರೇಟಿನ ಪಾಪ್ ಸೆಂಚುರಿ ಥರದ ಡಿಸ್ನಿ ಹೋಟೆಲ್‌ನಲ್ಲಿ ಒಂದು ರೂಮಿಗೆ ನಾಲ್ಕೇ ಜನ, ನೀವು ಐದು ಜನ, ಅಲ್ಲಿಗೆ ಎರಡು ರೂಮ್ ಆಯ್ತು.

ಹಾಗಾಗಿ ನಿಮಗೆ ನಾನು ಡಿಸ್ನಿ ಪಕ್ಕದ ಊರು ಕಿಸಿಮ್ಮಿ ಕಡೆ ಅಡುಗೆಮನೆ ಇರೋ ಬಾಡಿಗೆ ಮನೇನೇ ಹೇಳ್ತೀನಿ. ಹಿರಿಯರಿಗೆ ರಾತ್ರಿ ಬಿಸಿ ಅನ್ನ ಸಾರು ಸಿಕ್ಕಿದ್ರೆ ಮಾರನೇ ದಿನ ಓಡಾಡೋಕೆ ಶಕ್ತಿ ಇರತ್ತೆ, ಇದು ಸಣ್ಣ ವಿಷಯ ಅಲ್ಲ. ಒಂದೇ ತೊಂದ್ರೆ, ಮ್ಯಾಜಿಕ್ ಕಿಂಗ್ಡಮ್‌ಗೆ ಕಾರಲ್ಲಿ ಹೋದ್ರೆ ಗೇಟ್ ಹತ್ರ ನಿಲ್ಸೋಕಾಗಲ್ಲ, ದೂರದ ಪಾರ್ಕಿಂಗಲ್ಲಿ ಬಿಟ್ಟು ಅಲ್ಲಿಂದ ಮೋನೊರೈಲ್ ಇಲ್ಲಾ ಫೆರ್ರಿ ಹಿಡೀಬೇಕು. ಆವತ್ತು ಮಾತ್ರ ಬೇಗ ಹೊರಡಿ, ಸ್ಟ್ರೋಲರ್ ಮರೀಬೇಡಿ, ಮಾವನೋರಿಗೆ ಮಂಡಿನೋವಿದ್ರೆ ಪಾರ್ಕಲ್ಲೇ ವೀಲ್‌ಚೇರ್ ಬಾಡಿಗೆಗೆ ಸಿಗತ್ತೆ, ಸಂಕೋಚ ಪಡದೆ ತಗೊಳ್ಳಿ.