ಚರ್ಚಿನ ಕಾಗದ ಬೇರೆ, ಕೋರ್ಟಿನ ಕಾಗದ ಬೇರೆ

ಪ್ರಶ್ನೆ: 2016ರಲ್ಲಿ ನಮ್ಮೂರ ಚರ್ಚಿನಲ್ಲಿ ಮದುವೆಯಾಯಿತು. ಗಂಡ ಗಲ್ಫಿನಲ್ಲಿ. ತಂದೆಯ ಒತ್ತಾಯಕ್ಕೆ ನನ್ನನ್ನು ಮದುವೆಯಾದದ್ದೆಂದು ಆಮೇಲೆ ಅವರೇ ಮೆಸೇಜ್ ಕಳಿಸಿದರು. ಕಾಸರಗೋಡು ಕುಟುಂಬ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಆಗಿದೆ. ಒಬ್ಬಳು ಮಗಳಿದ್ದಾಳೆ. ಈಗ ಬೇರೆ ಸಂಬಂಧ ಬಂದಿದೆ. ಫಾದರ್ ಅನಲ್‌ಮೆಂಟ್ ಇಲ್ಲದೆ ಆಗದು ಎನ್ನುತ್ತಾರೆ. ಕೋರ್ಟಿನ ತೀರ್ಪು ಸಾಲದೆ? ಅನಲ್‌ಮೆಂಟ್ ಆದರೆ ಮಗಳ ಗತಿ?
— ಹೆಸರು ಬೇಡ, ಮಂಜೇಶ್ವರ ತಾಲೂಕು

ಉತ್ತರ: ಸಾಲದು. ಕೋರ್ಟು ಇದ್ದ ಮದುವೆಯನ್ನು ಮುರಿಯುತ್ತದೆ. ಚರ್ಚು ಕೇಳುವುದು ಬೇರೆಯೇ ಪ್ರಶ್ನೆ: ಮದುವೆಯ ದಿನ ಇಬ್ಬರೂ ಕೊಟ್ಟ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿತ್ತೇ? ಅಲ್ಲವೆಂದು ಸಿದ್ಧವಾದರೆ ಆ ಮದುವೆ ಮೊದಲಿಂದಲೇ ಅಸಿಂಧು ಎಂದು ಘೋಷಿಸುತ್ತಾರೆ, ಅದೇ ಅನಲ್‌ಮೆಂಟ್. ಮಗಳ ಬಗ್ಗೆ ಹೆದರಬೇಡಿ. ಹಾಗೆ ಘೋಷಿಸಿದರೂ ಆಕೆ ನ್ಯಾಯಬದ್ಧ ಸಂತಾನವೇ, ಕ್ಯಾನನ್ ಕಾನೂನಿನ (ಕಥೋಲಿಕ ಚರ್ಚಿನ ಸ್ವಂತ ಕಾನೂನು) 1137ನೇ ವಿಧಿ ಅದನ್ನು ಹೇಳುತ್ತದೆ.

ನೀವು ಕೇರಳದಲ್ಲಿದ್ದರೂ ಮಂಜೇಶ್ವರ, ಬೇಳ, ಕಯ್ಯಾರು ಕಡೆಯ ಲ್ಯಾಟಿನ್ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದವು. ಹಾಗಾಗಿ ಕೋರ್ಟಿಗೆ ತೆಂಕು, ಚರ್ಚಿನ ನ್ಯಾಯಪೀಠವಾದ ಟ್ರಿಬ್ಯುನಲ್ಲಿಗೆ ಬಡಗು. ಮದುವೆಯಾದ ಊರು, ಇಬ್ಬರಲ್ಲಿ ಒಬ್ಬರ ವಾಸದ ಊರು, ಹೆಚ್ಚಿನ ಸಾಕ್ಷ್ಯ ಸಿಗುವ ಊರು, ಇವುಗಳಲ್ಲಿ ಯಾವುದರ ಟ್ರಿಬ್ಯುನಲ್ಲಿಗೂ ಅರ್ಜಿ ಹಾಕಬಹುದು.

ಹೊಸದಾಗಿ ಬರೆಸಿದ ಜ್ಞಾನಸ್ನಾನ ಪತ್ರ, ಚರ್ಚಿನ ಮದುವೆ ಪತ್ರ, ವಿಚ್ಛೇದನ ತೀರ್ಪಿನ ದೃಢೀಕೃತ ಪ್ರತಿ, ಗಂಡನ ಈಗಿನ ವಿಳಾಸ, ಸಾಕ್ಷಿಗಳ ಪಟ್ಟಿ ಬೇಕು. ಮದುವೆಗೆ ಮೊದಲು ವಿಗಾರರ (ಚರ್ಚಿನ ಮುಖ್ಯ ಪಾದ್ರಿ) ಮುಂದೆ ಇಬ್ಬರೂ ಸಹಿ ಹಾಕಿದ ವಿಚಾರಣಾ ಫಾರಂ ಚರ್ಚಿನಲ್ಲಿರುತ್ತದೆ, ಅದನ್ನು ಮರೆಯಬೇಡಿ. ‘ಯಾರ ಒತ್ತಾಯವೂ ಇಲ್ಲ’ ಎಂದು ಗಂಡ ಅದರಲ್ಲಿ ಬರೆದಿದ್ದರೆ ಅದಕ್ಕೆ ನಿಮ್ಮ ಬಳಿ ಉತ್ತರವಿರಬೇಕು.

ಅರ್ಜಿ ಎಡವುವುದು ಬಹುತೇಕ ಇಲ್ಲಿಯೇ: ಹತ್ತು ಪುಟ ಬರೆದಿರುತ್ತಾರೆ, ಎಲ್ಲವೂ ಮದುವೆಯ ನಂತರದ ಜಗಳ, ಅತ್ತೆಯ ಕಾಟ, ಹಣ ಕಳಿಸದ್ದು. ಅದೆಲ್ಲ ನಿಜವಿರಬಹುದು, ಆದರೆ ಮದುವೆ ಕೆಟ್ಟದ್ದಕ್ಕೆ ಪುರಾವೆಯೇ ಹೊರತು ಮದುವೆ ಆಗಲೇ ಇಲ್ಲವೆಂಬುದಕ್ಕಲ್ಲ. ನಿಮ್ಮ ಪ್ರಕರಣದ ಜೀವ ಇರುವುದು ಆ ಒತ್ತಾಯದಲ್ಲಿ (ವಿಧಿ 1103). ಮೆಸೇಜಿನ ತಾರೀಕು ನೋಡಿ. ಕೇಸಿನ ಯೋಚನೆಯೇ ಇಲ್ಲದ ಕಾಲದಲ್ಲಿ ಕಳಿಸಿದ್ದಾದರೆ ತೂಕ ಹೆಚ್ಚು. ಸಾಕ್ಷಿಗಳೂ ಅಷ್ಟೇ. ಮಾತುಕತೆಯ ಕಾಲಕ್ಕೆ, ರೋಸಿನ (ಮದುವೆಗೆ ಮುಂಚಿನ ಶಾಸ್ತ್ರ) ದಿನ ಗಂಡನ ಮನೆಯಲ್ಲಿದ್ದು ಕಂಡು ಕೇಳಿದವರು ಬೇಕು. ನಿಮ್ಮಿಂದ ಕೇಳಿ ತಿಳಿದ ಗೆಳತಿಯರು ಐದು ಮಂದಿ ಬಂದರೂ ಅಂಥ ಒಬ್ಬ ಸೋದರಮಾವನಿಗೆ ಸಮವಲ್ಲ. ಹೆಸರು ಕೊಡುವ ಮೊದಲು ಅವರನ್ನು ಕೇಳಿ.

ಅರ್ಜಿ ಸ್ವೀಕಾರವಾದ ಮೇಲೆ ಗಂಡನಿಗೆ ನೋಟಿಸು ಹೋಗುತ್ತದೆ, ಅಭಿಪ್ರಾಯ ತಿಳಿಸಲು 15 ದಿನ. ಉತ್ತರಿಸದಿದ್ದರೆ ಗೈರು ಎಂದು ಬರೆದು ಮುಂದುವರಿಸುತ್ತಾರೆ, ಕೇಸು ನಿಲ್ಲುವುದಿಲ್ಲ. ಆದರೆ ವಿಳಾಸ ಗೊತ್ತಿದ್ದೂ ತಪ್ಪಾಗಿ ಕೊಟ್ಟು ಅವರನ್ನು ದೂರವಿಡಲು ನೋಡಬೇಡಿ, ತೀರ್ಪೇ ಅದರಿಂದ ಬಿದ್ದೀತು. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾರೆ. ಮದುವೆಯ ಬಂಧದ ಪರವಾಗಿ ವಾದಿಸಲೆಂದೇ ಒಬ್ಬ ಅಧಿಕಾರಿ ಇರುತ್ತಾರೆ, ಅವರನ್ನು ಶತ್ರುವೆಂದು ಭಾವಿಸಬೇಕಿಲ್ಲ. ಮೊದಲ ಹಂತ ಒಂದು ವರ್ಷ ಮೀರಬಾರದೆಂದು ನಿಯಮ. ಸಾಕ್ಷಿ ದುಬೈಯಲ್ಲಿದ್ದರೆ ಮೀರುವುದೂ ಉಂಟು. ಹಿಂದೆ ಎರಡು ಟ್ರಿಬ್ಯುನಲ್ಲುಗಳು ಒಪ್ಪಬೇಕಿತ್ತು. ಪೋಪ್ ಫ್ರಾನ್ಸಿಸ್ ತಂದ ತಿದ್ದುಪಡಿಯಿಂದ 2015ರ ಡಿಸೆಂಬರ್ 8ರ ನಂತರ ಒಂದೇ ತೀರ್ಪು ಸಾಕು, 15 ದಿನದೊಳಗೆ ಮೇಲ್ಮನವಿ ಬರದಿದ್ದರೆ. ಖರ್ಚು ಭರಿಸಲಾಗದಿದ್ದರೆ ರಿಯಾಯಿತಿ ಕೇಳಿ, ಅದರಲ್ಲಿ ನಾಚಿಕೆಯಿಲ್ಲ.

ತೀರ್ಪು ಬರುವ ಮುಂಚೆ ಹಾಲ್ ಬುಕ್ ಮಾಡಬೇಡಿ. ಕೆಲವೊಮ್ಮೆ ತೀರ್ಪಿನಲ್ಲೇ, ಬಿಷಪರನ್ನು ಕೇಳದೆ ಮರುಮದುವೆ ಕೂಡದೆಂಬ ಷರತ್ತೂ ಇರುತ್ತದೆ.

ಇನ್ನು ಇದರ ವಿರುದ್ಧ ತಪ್ಪು. ಚರ್ಚಿನ ಕಾಗದ ಸಿಕ್ಕಿತೆಂದು ಕೋರ್ಟಿಗೆ ಹೋಗದೆ ಮದುವೆಯಾಗುವುದು. 1996ರ ಮೋಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದು ಕಾನೂನಿನಲ್ಲಿ ನಿಲ್ಲದೆಂದು ಹೇಳಿದೆ. ನಿಮಗೆ ಆ ಭಯವಿಲ್ಲ, ತೀರ್ಪು ಕೈಯಲ್ಲಿದೆ.

ಪ್ರಶ್ನೆ: ನಾನು ಕಥೋಲಿಕ. ಹಿಂದೂ ಹುಡುಗಿಯೊಂದಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಮದುವೆ, ಈಗ ವಿಚ್ಛೇದನವಾಗಿದೆ. ನನಗೂ ಇದೇ ಉದ್ದದ ದಾರಿಯೇ?
— ಕುಂಬಳೆ

ಉತ್ತರ: ಅಲ್ಲ. ಬಿಷಪರ ವಿನಾಯಿತಿಯಿಲ್ಲದೆ, ಚರ್ಚಿನ ವಿಧಿಯಿಲ್ಲದೆ ಆದ ಮದುವೆ ಚರ್ಚಿನ ದೃಷ್ಟಿಯಲ್ಲಿ ಸಿಂಧುವೇ ಅಲ್ಲ, ಆದ್ದರಿಂದ ಪೂರ್ಣ ವಿಚಾರಣೆ ಬೇಡ. ಜ್ಞಾನಸ್ನಾನ ಪತ್ರ, ರಿಜಿಸ್ಟ್ರಾರ್ ಸರ್ಟಿಫಿಕೇಟ್, ವಿಚ್ಛೇದನದ ತೀರ್ಪು ಹಿಡಿದು ವಿಗಾರರ ಬಳಿ ಹೋಗಿ. ಅವರು ಬಿಷಪರ ಕಚೇರಿಯ ಮೂಲಕ ತೀರ್ಮಾನಿಸಿಕೊಡುತ್ತಾರೆ. ರಿಜಿಸ್ಟ್ರಾರ್ ಮದುವೆಯ ನಂತರ ಯಾವುದಾದರೂ ಚರ್ಚಿನಲ್ಲಿ ಆ ಮದುವೆಯನ್ನು ಸರಿಪಡಿಸಿಕೊಂಡಿದ್ದರೆ ಮಾತ್ರ ಮೇಲಿನ ಉತ್ತರವೇ ನಿಮಗೂ.