ನಲವತ್ತು ಅಡಿಯ ಫಲಕಕ್ಕೆ ಎಷ್ಟು ಪಿಕ್ಸೆಲ್ ಬೇಕು?

ಪ್ರಶ್ನೆ: ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಈ ಸಲ ಯಕ್ಷಗಾನವಿದೆ. ಪ್ರಚಾರಕ್ಕೆಂದು ಹೆದ್ದಾರಿಯ ಪಕ್ಕದಲ್ಲಿ 40 ಅಡಿ ಅಗಲ, 20 ಅಡಿ ಎತ್ತರದ ಹೋರ್ಡಿಂಗ್ ಒಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ನಮ್ಮಲ್ಲಿರುವುದು ಕಳೆದ ವರ್ಷದ ಆಟದಲ್ಲಿ 24 ಮೆಗಾಪಿಕ್ಸೆಲ್ ಕ್ಯಾಮೆರಾದಿಂದ ತೆಗೆದ ಫೋಟೋಗಳು. 300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇಲ್ಲದಿದ್ದರೆ ಚಿತ್ರ ಒಡೆಯುತ್ತದೆ ಎಂದು ಡಿಸೈನ್ ಮಾಡುವವರು ಹೇಳುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಕಳಿಸಿದರೂ ಸಾಕು ಎಂದು ಫ್ಲೆಕ್ಸ್ ಅಂಗಡಿಯವರು ಹೇಳುತ್ತಿದ್ದಾರೆ. ನಾವು ಯಾರ ಮಾತು ಕೇಳಬೇಕು?
— ಸಂಘದ ಕಾರ್ಯಕರ್ತರು, ಮುಲುಂಡ್

ಉತ್ತರ: ಇಬ್ಬರ ಮಾತೂ ನಿಮ್ಮ ಫಲಕಕ್ಕೆ ಹೊಂದುವುದಿಲ್ಲ. ಫಲಕವನ್ನು ಜನ ಎಷ್ಟು ದೂರದಿಂದ ನೋಡುತ್ತಾರೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ರೆಸಲ್ಯೂಶನ್ನಿನ ಮಾತೆತ್ತಿದರೆ ಇಂಥ ಗೊಂದಲ ತಪ್ಪಿದ್ದಲ್ಲ.

ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಅದಕ್ಕಿಂತ ಹತ್ತಿರವಿದ್ದರೆ ಎರಡೂ ಒಂದೇ ಆಗಿ ಕಾಣುತ್ತವೆ. ಇದನ್ನು ಲೆಕ್ಕಕ್ಕೆ ಇಳಿಸಿದರೆ, ನೋಡುವ ದೂರವನ್ನು ಅಡಿಗಳಲ್ಲಿ ಅಳೆದು ಆ ಸಂಖ್ಯೆಯಿಂದ 286ನ್ನು ಭಾಗಿಸಿದಾಗ ಬರುವುದೇ ಅಂಗುಲಕ್ಕೆ ಬೇಕಾದ ಪಿಕ್ಸೆಲ್‌ಗಳ ಸಂಖ್ಯೆ. ಈ ಪತ್ರಿಕೆಯನ್ನು ನೀವು ಸುಮಾರು ಒಂದು ಅಡಿ ದೂರದಲ್ಲಿ ಹಿಡಿದು ಓದುತ್ತೀರಿ. ಆಗ ಉತ್ತರ 286. ಅದು 300ಕ್ಕೆ ಎಷ್ಟು ಹತ್ತಿರವಿದೆ ನೋಡಿ. ಕೈಯಲ್ಲಿ ಹಿಡಿದು ಓದುವ ಪುಸ್ತಕ, ಪತ್ರಿಕೆ, ಆಮಂತ್ರಣ ಪತ್ರಗಳಿಗೆ ಹೊಂದುವ ಆ ಸಂಖ್ಯೆಯನ್ನು ಹೆದ್ದಾರಿಯ ಫಲಕಕ್ಕೆ ಅಂಟಿಸಿದ್ದೇ ನಿಮ್ಮ ಡಿಸೈನರ್ ಮಾಡಿದ ತಪ್ಪು. 40 ಅಡಿ ದೂರದಿಂದ ನೋಡುವವನಿಗೆ ಅಂಗುಲಕ್ಕೆ 7 ಪಿಕ್ಸೆಲ್ ಸಾಕು, 100 ಅಡಿ ದೂರದವನಿಗೆ 3 ಸಾಕು.

ಹಟ ಹಿಡಿದು 300ರಲ್ಲೇ ಮಾಡಿದರೆ ಏನಾಗುತ್ತದೆ? ನಿಮ್ಮ ಫಲಕ 480 ಅಂಗುಲ ಅಗಲ, 240 ಅಂಗುಲ ಎತ್ತರ; ಆ ಲೆಕ್ಕದಲ್ಲಿ ಚಿತ್ರ 1,44,000 × 72,000 ಪಿಕ್ಸೆಲ್ ಆಗಬೇಕು. ನಾಲ್ಕು ಬಣ್ಣಗಳ ಸಿಎಂವೈಕೆ ಫೈಲಾಗಿ ಅದು 40 ಜಿಬಿ ದಾಟುತ್ತದೆ. ಫೋಟೋಶಾಪ್‌ನ ಮಾಮೂಲಿ ಪಿಎಸ್‌ಡಿ ಫೈಲಿನಲ್ಲಿ ಒಂದು ಬದಿ 30,000 ಪಿಕ್ಸೆಲ್ ಮೀರುವಂತೆಯೇ ಇಲ್ಲ. ಅಷ್ಟೆಲ್ಲ ಕಷ್ಟಪಟ್ಟು ಹಿಗ್ಗಿಸಿದರೂ ಕ್ಯಾಮೆರಾ ಸೆರೆಹಿಡಿಯದ ವಿವರ ಹೊಸದಾಗಿ ಹುಟ್ಟುವುದಿಲ್ಲ.

ನಿಮ್ಮ 24 ಮೆಗಾಪಿಕ್ಸೆಲ್ ಫೋಟೋ ಸಾಮಾನ್ಯವಾಗಿ 6000 × 4000 ಪಿಕ್ಸೆಲ್ ಇರುತ್ತದೆ. ಪೂರ್ತಿ ಅಗಲವನ್ನು ಉಳಿಸಿಕೊಂಡು ಮೇಲೆ ಕೆಳಗೆ ಮಾತ್ರ ಕತ್ತರಿಸಿದರೆ ಅಂಗುಲಕ್ಕೆ 12.5 ಪಿಕ್ಸೆಲ್ ಸಿಗುತ್ತದೆ. ಅತಿ ಹತ್ತಿರದ ಪಾದಚಾರಿ 40 ಅಡಿ ದೂರದಲ್ಲಿರುತ್ತಾನೆಂದು ಹಿಡಿದರೂ ಇದು ಬೇಕಾದುದಕ್ಕಿಂತ ಹೆಚ್ಚೇ ಆಯಿತು. ಆದರೆ ಇಡೀ ಫೋಟೋದಿಂದ ವೇಷಧಾರಿಯ ಮುಖ ಮತ್ತು ಕಿರೀಟವನ್ನಷ್ಟೇ ಕತ್ತರಿಸಿ ತೆಗೆದು, ಆ 1500 ಪಿಕ್ಸೆಲ್ ಅಗಲದ ತುಂಡನ್ನು ಅರ್ಧ ಫಲಕದ ತುಂಬ ಹಿಗ್ಗಿಸಿದರೆ ಅಂಗುಲಕ್ಕೆ ಉಳಿಯುವುದು ಆರೇ ಪಿಕ್ಸೆಲ್. ಆದ್ದರಿಂದ ಕ್ಯಾಮೆರಾದ ಮೇಲೆ ಬರೆದ ಮೆಗಾಪಿಕ್ಸೆಲ್ಲನ್ನು ನಂಬಿ ಕೂರದೆ, ಕತ್ತರಿಸಿದ ಮೇಲೆ ಉಳಿದ ಪಿಕ್ಸೆಲ್‌ಗಳನ್ನು ಎಣಿಸಿ. ಇನ್ನೊಂದು ಮಾತು: ದಿಗಿಣ ಹೊಡೆಯುವಾಗ ತೆಗೆದ ಫೋಟೋ ಎಷ್ಟೇ ಆಕರ್ಷಕವಾಗಿದ್ದರೂ, ಮಂದ ಬೆಳಕಿನಲ್ಲಿ ಕಣ್ಣು ರೆಪ್ಪೆಗಳು ಅಲುಗಿಹೋಗಿದ್ದರೆ ಪಿಕ್ಸೆಲ್ ಎಷ್ಟಿದ್ದೂ ಪ್ರಯೋಜನವಿಲ್ಲ. ವೇಷಧಾರಿ ನಿಂತು ಅರ್ಥ ಹೇಳುತ್ತಿರುವ ಗಳಿಗೆಯ, ಮುಖವರ್ಣಿಕೆಯ ಗೆರೆಗಳು ಸ್ಪಷ್ಟವಾಗಿರುವ ಚಿತ್ರವನ್ನು ಆರಿಸಿಕೊಳ್ಳಿ.

ಇನ್ನು ವಾಟ್ಸಾಪ್ ವಿಷಯ. ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋ ಅಲ್ಲಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗುತ್ತದೆ. ಅದನ್ನು 40 ಅಡಿಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಕಡಲೆಕಾಳಿನಷ್ಟಾಗುತ್ತದೆ. ನೂರು ಅಡಿ ದೂರದಿಂದ ಆ ಕಾಳುಗಳು ಕಾಣಲಿಕ್ಕಿಲ್ಲ. ಅಂಗಡಿಯವರ ಮಾತಿನಲ್ಲಿರುವ ನಿಜ ಅಷ್ಟೇ. ಆದರೆ ಜೆಪೆಗ್ ವಿಧಾನದಲ್ಲಿ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಹಿಂಡುವುದರಿಂದ, ಅತಿಯಾಗಿ ಹಿಂಡಿದ ಫೋಟೋದಲ್ಲಿ ಆ ಚೌಕಗಳ ಅಂಚುಗಳು ಉಳಿದುಬಿಡುತ್ತವೆ. ನಿಮ್ಮ ಫಲಕದಲ್ಲಿ ಅಂಥ ಒಂದೊಂದು ಚೌಕವೂ ಸುಮಾರು ಎರಡೂವರೆ ಅಂಗುಲದ್ದಾಗಿ, ಕೆನ್ನೆಯ ಬಣ್ಣದ ಮೇಲೆ ನೆಲಕ್ಕೆ ಹಾಸಿದ ಟೈಲ್ಸ್‌ನಂತೆ ಕಾಣುತ್ತದೆ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ. ಆಗ ಮೂಲ ಫೈಲು ಹಾಗೆಯೇ ಹೋಗುತ್ತದೆ.

ಫೈಲನ್ನು ಹತ್ತನೇ ಒಂದು ಅಳತೆಯಲ್ಲಿ, ಅಂದರೆ 48 × 24 ಅಂಗುಲದಲ್ಲಿ, 125 ಪಿಪಿಐ (ಅಂಗುಲಕ್ಕೆ 125 ಪಿಕ್ಸೆಲ್) ಇಟ್ಟು ಮಾಡಿಸಿ. ಈ ಅಳತೆಯನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಯಂತ್ರದವರು ಹೇಳುವ 360, 720 ಡಿಪಿಐ ಎಂಬುದು ಶಾಯಿಯ ಹನಿಗಳ ಲೆಕ್ಕ. ಅದಕ್ಕೂ ಫೋಟೋದ ಪಿಕ್ಸೆಲ್‌ಗೂ ಗಂಟುಹಾಕಬೇಡಿ.

ಅಕ್ಷರಗಳ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಯಾವುದೂ ಇಲ್ಲ. ಅವನ್ನು ಫೋಟೋದೊಳಗೆ ಪಿಕ್ಸೆಲ್ ಆಗಿ ಬೆರೆಸದೆ ವೆಕ್ಟರ್ ಆಗಿಯೇ, ಅಂದರೆ ಗಣಿತದ ಗೆರೆಗಳಾಗಿಯೇ ಇಡಿಸಿ. ಆಗ ಎಷ್ಟು ಹಿಗ್ಗಿಸಿದರೂ ಅಂಚು ಹರಿತವಾಗಿರುತ್ತದೆ. ಅಂಗಡಿಗೆ ಕೊಡುವ ಮೊದಲು ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಬರೀ ಆಕಾರಗಳಿಗೆ, ಬದಲಾಯಿಸುವುದು ಮುಂಬಯಿಯಲ್ಲಂತೂ ಕಡ್ಡಾಯವೆಂದೇ ನಾನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೇ ಓಡಾಡಿ ಮಾಡಿಸಿದ ಬ್ಯಾನರ್ ಒಂದರಲ್ಲಿ ‘ಸ್ವಾಗತ’ದ ವ ಒತ್ತು ಕಳಚಿ, ‘ಸ್‌ವಾಗತ’ ಎಂದು ಅಚ್ಚಾಗಿ ಬಂದಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಹಳೆಯ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ; ಅಲ್ಲಿ ಕೆಲಸ ಮಾಡುತ್ತಿದ್ದ ಮರಾಠಿ ಹುಡುಗನಿಗೆ ಅದು ತಪ್ಪೆಂದು ತಿಳಿಯುವ ದಾರಿಯೂ ಇರಲಿಲ್ಲ. ಸಭಾಗೃಹದ ಬಾಗಿಲಲ್ಲಿ ಅದನ್ನು ಕಟ್ಟುವಾಗ ಆದ ಸಂಕಟ ನಿಮಗೆ ಬೇಡ. ಕರ್ವ್ ಮಾಡಿದ ಮೇಲೂ ಕನ್ನಡ ಬಲ್ಲ ಒಬ್ಬರು ಒಂದೊಂದು ಒತ್ತನ್ನೂ ಬೆರಳಿಟ್ಟು ಓದಲಿ.

ಮುದ್ರಣಕ್ಕೆ ಮುನ್ನ ಒಂದು ಪರೀಕ್ಷೆ ಮಾಡಿ. 40 ಅಡಿ ಅಗಲದ ಫಲಕ 40 ಅಡಿ ದೂರದಿಂದ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ, ಒಂದು ಅಡಿ ಅಗಲದ ಚಿತ್ರ ಒಂದು ಅಡಿ ದೂರದಿಂದ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಇಡೀ ವಿನ್ಯಾಸವನ್ನು ಎ4 ಹಾಳೆಯ ಉದ್ದಕ್ಕೆ ಒಳ್ಳೆಯ ಪ್ರಿಂಟರಿನಲ್ಲಿ ತೆಗೆಸಿ, ಅಡಿ ದೂರದಲ್ಲಿ ಹಿಡಿದು ನೋಡಿ. ಅಲ್ಲಿ ಮುಖ ಸ್ಪಷ್ಟವಾಗಿದ್ದರೆ ರಸ್ತೆಯಲ್ಲೂ ಸ್ಪಷ್ಟವಾಗಿರುತ್ತದೆ.

ಪ್ರಶ್ನೆ: ಸಂಘದ ಸ್ಥಾಪಕ ಸದಸ್ಯರ ಹಳೆಯ ಫೋಟೋ ಒಂದಿದೆ, ಅಳತೆ 6 × 4 ಅಂಗುಲ. ಸಭಾಗೃಹದ ಬಾಗಿಲಲ್ಲಿ ಇಡಲು ಎಷ್ಟು ದೊಡ್ಡದು ಮಾಡಬಹುದು?
— ಓದುಗರು, ಡೊಂಬಿವಿಲಿ

ಉತ್ತರ: ಬಾಗಿಲಲ್ಲಿ ಜನ ನಾಲ್ಕು ಅಡಿ ದೂರದಲ್ಲಿ ನಿಂತು, ‘ಇವರು ಯಾರು’ ಎಂದು ಒಂದೊಂದು ಮುಖವನ್ನೂ ಹುಡುಕುತ್ತಾರೆ, ಅಲ್ಲಿ ಅಂಗುಲಕ್ಕೆ 72 ಪಿಕ್ಸೆಲ್ಲಾದರೂ ಬೇಕು. 600 ಪಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದರೆ ಉದ್ದ ಬದಿಗೆ 3600 ಪಿಕ್ಸೆಲ್ ಬರುತ್ತದೆ, ಅದು ನಾಲ್ಕು ಅಡಿ ಅಗಲಕ್ಕೆ ಸರಿಹೊಂದುತ್ತದೆ. ಸ್ಕ್ಯಾನನ್ನು 600ಕ್ಕಿಂತ ಹೆಚ್ಚಿಟ್ಟರೆ ಬಹುಮಟ್ಟಿಗೆ ಕಾಗದದ ತರಿಯೇ ದೊಡ್ಡದಾಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸುವ ತಂತ್ರಾಂಶಗಳನ್ನು ಈ ಫೋಟೋಗೆ ಬಳಸಬೇಡಿ. ಅವು ಊಹಿಸಿ ಬಿಡಿಸಿದ ಕಣ್ಣು ಮೂಗು ಹಿರಿಯರದ್ದಾಗಿ ಉಳಿಯುವುದಿಲ್ಲ. ಆ ಕುಟುಂಬಗಳ ಹಳೆಯ ಪೆಟ್ಟಿಗೆಗಳಲ್ಲಿ ಫೋಟೋದ ನೆಗೆಟಿವ್ ಇದೆಯೇ ಎಂದು ಒಮ್ಮೆ ವಿಚಾರಿಸಿ. 35 ಮಿಲಿಮೀಟರಿನ ನೆಗೆಟಿವ್ ಸಿಕ್ಕಿ, ಅದನ್ನು 3200 ಪಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದರೆ ಸುಮಾರು 4500 ಪಿಕ್ಸೆಲ್ ಬರುತ್ತದೆ; ಆಗ ಐದು ಅಡಿಯವರೆಗೆ ಹಿಗ್ಗಿಸಬಹುದು.