ಗಾಜಿನ ಬೌಲಲ್ಲಿ ಬಣ್ಣದ ಪದರ

ಪ್ರಶ್ನೆ: ಮಗಳ ಬರ್ತ್‌ಡೇಗೆ ಕೇಕು, ಜೆಲ್ಲಿ, ಕ್ರೀಮು ಪದರ ಹಾಕಿ ಟ್ರೈಫಲ್ ಮಾಡ್ಬೇಕು. ಬನವಾಸಿ ಅನಾನಸ್ ಹಾಕಿದ್ರೆ ಜೆಲ್ಲಿ ಗಟ್ಟಿಯಾಗೋದೇ ಇಲ್ಲ, ಕ್ರೀಮೂ ನೀರಾಗ್ತದೆ, ಏನ್ಮಾಡ್ಲಿ ಅಕ್ಕಾ?
(ಓದುಗರು, ಕಾರವಾರ)

ಉತ್ತರ: ಹಸಿ ಅನಾನಸಲ್ಲಿ ಬ್ರೋಮೆಲೈನ್ ಅನ್ನೋ ಕಿಣ್ವ ಇರ್ತದೆ ತಂಗೀ, ಅದು ಜೆಲ್ಲಿಯನ್ನ ಗಟ್ಟಿ ಮಾಡೋ ಜೆಲಟಿನ್ನನ್ನೇ ಒಡೆದು ಹಾಕ್ತದೆ, ಹಾಗಾಗಿ ಹಣ್ಣಿನ ಚೂರನ್ನ ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿ ತಣಿಸಿ ಹಾಕು, ಇಲ್ಲಾಂದ್ರೆ ಜೆಲಟಿನ್ ಬದಲು ಅಗರ್ ಅಗರ್ ತಗೋ, ಅದು ಸಮುದ್ರದ ಪಾಚಿಯದ್ದು, ಸಸ್ಯಾಹಾರಿಗಳಿಗೂ ಆಗ್ತದೆ, ಕಾರವಾರದ ಸೆಕೆಗೂ ಕರಗೋದಿಲ್ಲ, ನಂಗಂತೂ ಅದೇ ಇಷ್ಟ. ಕೆಂಪು ಪದರಕ್ಕೆ ಪೌಡರ್ ಬಣ್ಣ ಯಾಕೆ, ನಮ್ಮ ಮುರುಗಲ (ಕೋಕಂ) ಶರಬತ್ತಿಂದಲೇ ಮಾಡು, ಆದ್ರೆ ಹುಳಿ ಜಾಸ್ತಿ ಬೇಡ, ಅಗರ್ ಸರಿ ಹಿಡಿಯೋದಿಲ್ಲ. ಕ್ರೀಮಲ್ಲಿ ಕೊಬ್ಬು 30 ಪರ್ಸೆಂಟಿಗಿಂತ ಮೇಲೇ ಇರ್ಬೇಕು, ಬೌಲು ಬೀಟರು ಎರಡನ್ನೂ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡ್ಕೊಂಡೇ ಬೀಟ್ ಮಾಡು. ಬಿಸಿ ಕಸ್ಟರ್ಡ್ ಮೇಲೆ ಮಾತ್ರ ಕ್ರೀಮ್ ಹಾಕ್ಬೇಡ.